ಆಸ್ತಿಯ ಪಕ್ಕದಲ್ಲಿ ಸಾಲದ ಅಂಕಣವನ್ನೂ ಅಚ್ಚು ಮಾಡಿ

ಸಂಪಾದಕರಿಗೆ,

ಮಾನ್ಯರೇ,

ಚುನಾವಣೆ ಯಾವುದೇ ಇರಲಿ, ನಾಮಪತ್ರ ಸಲ್ಲಿಕೆ ಆರಂಭವಾದ ಮರುದಿನದಿಂದ ನಮ್ಮ ಪತ್ರಿಕೆಗಳಲ್ಲಿ ಅಭ್ಯರ್ಥಿಗಳ ಆಸ್ತಿ ವಿವರ ಕಾಣಿಸಿಕೊಳ್ಳುತ್ತದೆ. ಸುಪ್ರೀಂ ಕೋರ್ಟ್ 2002ರ ಮೇ ಮತ್ತು 2003ರ ಮಾರ್ಚ್ ತಿಂಗಳಲ್ಲಿ ನೀಡಿದ ಎರಡು ತೀರ್ಪುಗಳಿಂದಾಗಿ ಮತದಾರರ ಕೈಗೆ ಬಂದ ಮಾಹಿತಿ ಇದಾದ್ದರಿಂದ ಪ್ರಕಟಿಸುವುದು ಸರಿಯೇ ಆಗಿದೆ. ಆದರೆ ಅಭ್ಯರ್ಥಿಗಳು ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವನ್ನು ಪೂರ್ತಿ ಓದಿದರೆ ಅದರಲ್ಲಿ ಚರಾಸ್ತಿ, ಸ್ಥಿರಾಸ್ತಿಗಳ ಬೆನ್ನಿಗೇ ಸಾಲ ಮತ್ತು ಸರ್ಕಾರಿ ಬಾಕಿಗಳಿಗೆ ಪ್ರತ್ಯೇಕ ಭಾಗವಿರುವುದೂ, ಸ್ವಯಾರ್ಜಿತ ಜಮೀನು ಮತ್ತು ಕಟ್ಟಡಗಳಿಗೆ ಖರೀದಿಸಿದ ದಿನಾಂಕ, ಆಗ ಕೊಟ್ಟ ಬೆಲೆ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಎಂದು ಬೇರೆ ಬೇರೆ ವಿವರ ಕೇಳಿರುವುದೂ ತಿಳಿಯುತ್ತದೆ. ಇದಿಷ್ಟನ್ನೂ ಬದಿಗಿರಿಸಿ, ಒಟ್ಟು ಮೊತ್ತವೊಂದನ್ನೇ ದಪ್ಪ ಅಕ್ಷರಗಳಲ್ಲಿ ಹಾಕಿ, ಇಂತಿಷ್ಟು ಕೋಟಿಯ ಒಡೆಯ ಎಂದು ಬರೆಯುವ ರೂಢಿಯ ಬಗ್ಗೆ ನನ್ನ ಆಕ್ಷೇಪವಿದೆ. ದಾವಣಗೆರೆಯ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ 35 ವರ್ಷ ಅಂಗಡಿ, ಗಿರಣಿ, ಸಹಕಾರ ಸಂಘಗಳ ಅಢಾವೆ ಪತ್ರಿಕೆ (ಆಸ್ತಿ ಮತ್ತು ಹೊಣೆಗಳನ್ನು ಎದುರುಬದುರು ತೋರಿಸುವ ಲೆಕ್ಕ) ಬರೆದವನಾದ್ದರಿಂದ, ಒಂದೇ ಮಗ್ಗುಲು ತೋರಿಸುವ ಲೆಕ್ಕ ಕಂಡರೆ ಕೈ ತಾನಾಗಿಯೇ ಕೆಂಪು ಪೆನ್ನನ್ನು ಹುಡುಕುತ್ತದೆ. ದೋಷ ಕೇವಲ ಪತ್ರಿಕೆಗಳದ್ದಲ್ಲವೆಂಬುದನ್ನೂ ನಾನು ಬಲ್ಲೆ. ಆಸ್ತಿ ಎಂಬ ಮಾತನ್ನು ನಾವೆಲ್ಲರೂ ಮನೆಯಲ್ಲಿ, ಮಾರುಕಟ್ಟೆಯಲ್ಲಿ ಹೀಗೇ ಬಳಸುತ್ತಿದ್ದೇವೆ.

ನಮ್ಮ ಕಡೆ ಹೆಣ್ಣು ಕೊಡುವ ಮಾತುಕತೆಯಲ್ಲಿ ಆಸ್ತಿ ಎಷ್ಟಿದೆ ಎಂದು ಕೇಳಿದರೆ, ನಾಲ್ಕು ಎಕರೆ ಅಡಿಕೆ ತೋಟ, ಊರಲ್ಲೊಂದು ಮನೆ, ಪೇಟೆಯಲ್ಲಿ ಎರಡು ಸೈಟು ಎಂಬ ಉತ್ತರ ಬರುತ್ತದೆ. ಹುಡುಗನ ಭವಿಷ್ಯ ನಿಧಿಯಲ್ಲಿ ಎಷ್ಟಿದೆಯೆಂದು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ತೋಟದ ಪಹಣಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದೆಯೇ ಎಂದು ಕೇಳುವುದಂತೂ ಮರ್ಯಾದೆಗೇಡಿನ ಪ್ರಶ್ನೆ. ಕಂದಾಯ ಇಲಾಖೆಯ ಭಾಷೆ ಆಸ್ತಿಯನ್ನು ಚಲಿಸುವುದು ಮತ್ತು ಚಲಿಸದೇ ಇರುವುದು ಎಂದು ವಿಂಗಡಿಸುತ್ತದೆ. ಲೆಕ್ಕಶಾಸ್ತ್ರ ಅದನ್ನು ನೋಡುವ ಬಗೆ ಬೇರೆ. ಹಿಂದೆ ನಡೆದ ಯಾವುದೋ ವ್ಯವಹಾರದಿಂದ ಇಂದು ನಮ್ಮ ಹಿಡಿತದಲ್ಲಿದ್ದು, ಮುಂದೆ ನಮಗೆ ಹಣವನ್ನೋ ಹಣಕ್ಕೆ ಸಮನಾದ ಪ್ರಯೋಜನವನ್ನೋ ತಂದುಕೊಡುವ ನಿರೀಕ್ಷೆಯಿರುವುದೆಲ್ಲ ಅದರ ದೃಷ್ಟಿಯಲ್ಲಿ ಆಸ್ತಿ. ಅದರಲ್ಲಿ ಹನ್ನೆರಡು ತಿಂಗಳೊಳಗೆ ನಗದಾಗುವಂಥದ್ದು ಚಾಲ್ತಿ ಆಸ್ತಿ, ಉಳಿದದ್ದು ದೀರ್ಘಾವಧಿಯದ್ದು ಎಂಬುದು ಸ್ಥೂಲವಾದ ವಿಭಜನೆ. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯೂ ಹೆಚ್ಚುಕಡಿಮೆ ಇದೇ ಅಳತೆಗೋಲನ್ನು ಇಟ್ಟುಕೊಂಡಿದೆ.

ಈ ವಿವರಣೆಯನ್ನು ಅದೇ ಅಡಿಕೆ ತೋಟಕ್ಕೆ ಹಚ್ಚಿ ನೋಡಬಹುದು. ಭೂಮಿ ಒಂದು ಆಸ್ತಿ, ವರ್ಷ ವರ್ಷ ಫಲ ಕೊಡುವ ಮರ ಇನ್ನೊಂದು, ಮರದ ಮೇಲಿರುವ ಫಸಲು ಮತ್ತೊಂದು. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡಗಳು ಮರವನ್ನು ಯಂತ್ರದ ಸಾಲಿನಲ್ಲಿಟ್ಟು ಸವಕಳಿ (ಬಳಸುತ್ತಾ ಹೋದಂತೆ ಕುಗ್ಗುವ ಮೌಲ್ಯ) ಕಳೆಯಲು ಹೇಳುತ್ತವೆ, ಫಸಲನ್ನು ಪ್ರತ್ಯೇಕವಾಗಿ ಎಣಿಸಲು ಹೇಳುತ್ತವೆ. ಚನ್ನಗಿರಿ, ಭದ್ರಾವತಿ ಕಡೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವ ಪದ್ಧತಿಯಿದೆ. ಕಷ್ಟಕ್ಕೆ ಸಿಕ್ಕಿದ ರೈತ ಎರಡು ವರ್ಷದ ಫಸಲಿಗೆ ಮುಂಗಡ ಪಡೆದಿದ್ದರೆ, ತೋಟದಲ್ಲಿ ಗೊನೆಗಳು ತೂಗುತ್ತಿದ್ದರೂ ಅವು ಚೇಣಿದಾರನ ಲೆಕ್ಕಕ್ಕೆ ಸೇರಿದಂಥವು, ರೈತನ ಪಾಲಿಗೆ ಆ ಮುಂಗಡ ತೀರಿಸಬೇಕಾದ ಹೊಣೆ. ದಾರಿಯಲ್ಲಿ ಹೋಗುವವರಿಗೆ ಕಾಣುವುದು ಹಸಿರು ತೋಟ ಮಾತ್ರ. ಇದರ ಜೊತೆಗೆ ಇನ್ನೊಂದು ಸೋಜಿಗವಿದೆ: ಪಟ್ಟಣದ ಮಿತಿಯಿಂದ ನಿಗದಿತ ದೂರದಾಚೆ ಇರುವ ಕೃಷಿ ಭೂಮಿಯನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದೇ ಪರಿಗಣಿಸುವುದಿಲ್ಲ, ಆದ್ದರಿಂದ ಅದನ್ನು ಮಾರಿದಾಗ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಹೀಗೆ ಒಂದೇ ತೋಟವು ಊರಿನವರ ಬಾಯಲ್ಲಿ, ಬ್ಯಾಂಕಿನ ಕಡತದಲ್ಲಿ, ತೆರಿಗೆಯ ಕಾನೂನಿನಲ್ಲಿ ಮೂರು ಬಗೆಯಾಗಿ ಬಾಳುತ್ತದೆ.

ಇನ್ನೊಬ್ಬರ ಲೆಕ್ಕದಲ್ಲಿ ತಪ್ಪು ಹುಡುಕುವ ಮೊದಲು ನನ್ನ ಮನೆಯ ಲೆಕ್ಕವನ್ನೇ ಹೇಳುವುದು ನ್ಯಾಯ. 2006ರಲ್ಲಿ ನಾನು ಊರ ಹೊರಗಿನ ಬಡಾವಣೆಯೊಂದರಲ್ಲಿ ಎರಡು ಲಕ್ಷ ರೂಪಾಯಿಗೆ ಮೂವತ್ತು-ನಲವತ್ತರ ಸೈಟು ಕೊಂಡೆ. ಅದು ರೆವಿನ್ಯೂ ಸೈಟು. ಭೂಪರಿವರ್ತನೆ ಆಗಿರಲಿಲ್ಲ, ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆಯೂ ಇರಲಿಲ್ಲ; ಇನ್ನೇನು ಆಗಿಬಿಡುತ್ತದೆ ಎಂದು ಮಾರಿದವರು ಹೇಳಿದ್ದನ್ನು ನಂಬಿದೆ. ದಿನವಿಡೀ ಪರರ ದಾಖಲೆಗಳನ್ನು ಜರಡಿ ಹಿಡಿಯುವ ವೃತ್ತಿಯವನೇ ಹೀಗೆ ನಂಬಿದ್ದಕ್ಕೆ ನನ್ನಲ್ಲಿ ಸಮಜಾಯಿಷಿಯಿಲ್ಲ. ವರ್ಷ ಕಳೆದಂತೆ ಅಕ್ಕಪಕ್ಕದವರು ಅದರ ಬೆಲೆಯನ್ನು ಹತ್ತು ಲಕ್ಷ, ಹನ್ನೆರಡು ಲಕ್ಷ ಎಂದು ಏರಿಸುತ್ತಾ ಹೋದರು, ನಾನೂ ಮನಸ್ಸಿನೊಳಗೆ ಅಷ್ಟನ್ನೇ ಬರೆದುಕೊಳ್ಳುತ್ತಾ ಬಂದೆ. 2019ರಲ್ಲಿ ನನ್ನ ಪತ್ನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಾಗ ಸೈಟು ಮಾರಲು ಹೊರಟೆ. ನಾಲ್ಕು ತಿಂಗಳಲ್ಲಿ ಏಳು ಮಂದಿ ಬಂದು ನೋಡಿದರು. ಎಲ್ಲರೂ ಕಾಗದಪತ್ರ ಕೇಳಿದರು, ಬ್ಯಾಂಕ್ ಸಾಲ ಸಿಗುವುದಿಲ್ಲ ಎಂದು ಗೊತ್ತಾದ ಕೂಡಲೇ ಹಿಂದೆ ಸರಿದರು. ಕೊನೆಯವರೊಬ್ಬರು ಮೂರೂವರೆ ಲಕ್ಷಕ್ಕೆ ಕೇಳಿದರು, ಅದೂ ಎರಡು ಕಂತುಗಳಲ್ಲಿ. ಆದಾಯ ತೆರಿಗೆಯವರ ಹಣದುಬ್ಬರ ಸೂಚ್ಯಂಕ 2006-07ರಲ್ಲಿ 122 ಇದ್ದದ್ದು 2019-20ರಲ್ಲಿ 289 ಆಗಿತ್ತು. ಅಂದರೆ ನಾನು ಕೊಟ್ಟ ಎರಡು ಲಕ್ಷ ಆ ವರ್ಷದಲ್ಲಿ ನಿಂತಲ್ಲೇ ನಿಂತಿರಬೇಕಾದರೂ ನಾಲ್ಕು ಮುಕ್ಕಾಲು ಲಕ್ಷದ ಹತ್ತಿರ ಬರಬೇಕಿತ್ತು.

ಶಸ್ತ್ರಚಿಕಿತ್ಸೆಯ ಹಣ ಕಡೆಗೆ ಸಿಕ್ಕಿದ್ದು ನಾಲ್ಕು ಬಳೆ ಮತ್ತು ಒಂದು ಎರಡೆಳೆ ಸರದ ಮೇಲೆ. ಬ್ಯಾಂಕಿನಲ್ಲಿ ಚಿನ್ನ ಪರೀಕ್ಷಿಸುವ ಅಕ್ಕಸಾಲಿಗರು ಬಳೆಯ ಅಂಚನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಮ್ಲದ ಹನಿ ಬಿಟ್ಟು, ಬಣ್ಣ ಉಳಿದಿದೆಯೇ ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಎರಡು ಬಳೆಗಳೊಳಗಿನ ಅರಗಿನ ತೂಕವನ್ನೂ, ಸರದ ಪದಕದಲ್ಲಿದ್ದ ಕೆಂಪು ಕಲ್ಲುಗಳ ತೂಕವನ್ನೂ ಅಂದಾಜಿನಲ್ಲಿ ಕಳೆದು ನಿವ್ವಳ ತೂಕ ಬರೆದರು. ಕೊಳ್ಳುವಾಗ ನಾವು ಕೊಟ್ಟಿದ್ದ ಮಜೂರಿ, ವೇಸ್ಟೇಜುಗಳ ಸುದ್ದಿಯೇ ಅಲ್ಲಿರಲಿಲ್ಲ. ಅವರು ಬರೆದ ಮೊತ್ತ ನಮ್ಮ ನಿರೀಕ್ಷೆಗಿಂತ ಕಡಿಮೆಯೇ ಇದ್ದರೂ ಊಟದ ಹೊತ್ತಿನೊಳಗೆ ಅದು ಖಾತೆಗೆ ಜಮೆಯಾಗಿತ್ತು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ 85, ಐದು ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಮಿತಿಯಿದೆ, ಮೌಲ್ಯಕ್ಕೆ ಕಲ್ಲಿನ ಬೆಲೆ ಸೇರಿಸುವಂತಿಲ್ಲ. ಚಿನ್ನವೇ ಶ್ರೇಷ್ಠವೆಂದು ವಾದಿಸಲು ನಾನಿದನ್ನು ಹೇಳುತ್ತಿಲ್ಲ. ಬೀರುವಿನಲ್ಲಿದ್ದಷ್ಟು ಕಾಲ ಚಿನ್ನ ಒಂದು ಬಿಡಿಗಾಸಿನ ಬಡ್ಡಿಯನ್ನೂ ದುಡಿಯುವುದಿಲ್ಲ. 2015ರ ನವೆಂಬರ್‌ನಿಂದ ಸರ್ಕಾರ ಹೊರಡಿಸಿದ ಚಿನ್ನದ ಬಾಂಡುಗಳು ಆ ಕೊರತೆ ನೀಗಲು ವರ್ಷಕ್ಕೆ ಮೊದಲು ಶೇ 2.75, ಆಮೇಲಿನ ಕಂತುಗಳಲ್ಲಿ ಶೇ 2.5 ಬಡ್ಡಿ ಕೊಡುತ್ತಿದ್ದವು, ಆದರೆ 2024ರ ಫೆಬ್ರುವರಿ ಕಂತಿನ ನಂತರ ಹೊಸದಾಗಿ ಬರಲಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಸೈಟಿಗೆ ಬೆಲೆ ಹೇಳಿದವರು ಯಾರೂ ಹಣ ಕೊಡಬೇಕಾದವರಾಗಿರಲಿಲ್ಲ, ಬಳೆಗೆ ಬೆಲೆ ಕಟ್ಟಿದವರು ಹಣ ಕೊಡುವವರ ಪರವಾಗಿ ಕಟ್ಟಿದರು.

ವ್ಯಾಪಾರದಲ್ಲಿ ಇದೇ ಸಂಗತಿ ಆಖೈರು ದಾಸ್ತಾನಿನ, ಅಂದರೆ ವರ್ಷದ ಕೊನೆಗೆ ಮಾರದೆ ಉಳಿದ ಸರಕಿನ, ರೂಪದಲ್ಲಿ ಎದುರಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾರ್ಚ್ 31ರ ರಾತ್ರಿ ಬಟ್ಟೆ ಅಂಗಡಿಯೊಂದರ ದಾಸ್ತಾನು ಎಣಿಸಲು ಹೋಗಿದ್ದೆ. ಅಟ್ಟದ ಮೇಲೆ ಗೋಣಿತಾಟಿನಲ್ಲಿ ಸುತ್ತಿಟ್ಟ ಗಂಟನ್ನು ಕೆಳಗಿಳಿಸಿ ಬಿಚ್ಚಿದಾಗ ಒಳಗೆ 60 ಸೀರೆಗಳಿದ್ದವು. ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿ ಬೆಳ್ಳಗಾಗಿತ್ತು, ಕೆಲವು ಸೆರಗುಗಳಲ್ಲಿ ಜರಿ ಕಪ್ಪಾಗಿತ್ತು. ಸಾಹುಕಾರರು ಅವನ್ನು ಎಂಟು ವರ್ಷಗಳಿಂದಲೂ ಕೊಂಡ ಬೆಲೆಗೇ ಬರೆಸಿಕೊಂಡು ಬಂದಿದ್ದರು. ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ದಾಸ್ತಾನಿಗೆ ಹಾಕಬೇಕೆಂಬುದು ಲೆಕ್ಕದ ನಿಯಮ. ನಾನು ಹಾಗೆಂದಾಗ ಅವರು, ‘ಈ ವರ್ಷ ಜಾತ್ರೆಗೆ ಹಾಕ್ತೀನಿ, ಹೋಗ್ತವೆ’ ಎಂದರು. ಹಾಗೆ ಬರೆದುಕೊಂಡ ದಾಸ್ತಾನಿನಿಂದ ಲಾಭ ಹೆಚ್ಚಾಗಿ ಕಾಣುತ್ತದೆ, ಆ ಲಾಭಕ್ಕೆ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ ಎಂದು ವಿವರಿಸಿದ ಮೇಲೆಯೇ ಅವರು ಒಪ್ಪಿದ್ದು. ಉದ್ರಿ ಪುಸ್ತಕದ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಬರಬೇಕಾದ ಬಾಕಿಯೆಂದು ಬರೆದಿದ್ದ ಹೆಸರುಗಳಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರು ಊರು ಬಿಟ್ಟಿದ್ದರು.

ಸವಕಳಿಯ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಆದಾಯ ತೆರಿಗೆ ನಿಯಮಗಳಂತೆ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇ 15, ಕಂಪ್ಯೂಟರಿಗೆ ಶೇ 40, ಪೀಠೋಪಕರಣಗಳಿಗೆ ಶೇ 10ರಂತೆ ಉಳಿದ ಮೌಲ್ಯದ ಮೇಲೆ ಸವಕಳಿ ಕಳೆಯಬಹುದು. ವ್ಯಾಪಾರಿ ಇದನ್ನು ತಪ್ಪದೇ ಮಾಡುತ್ತಾನೆ, ತೆರಿಗೆ ಉಳಿಯುತ್ತದೆ. ಅದೇ ವ್ಯಾಪಾರಿ ಮನೆಯ ಕಾರನ್ನು ಮಾತ್ರ ಕೊಂಡ ಬೆಲೆಗೇ ಆಸ್ತಿಯೆಂದು ಹೇಳಿಕೊಳ್ಳುತ್ತಾನೆ.

ಬ್ಯಾಂಕಿನ ವಿಚಾರಕ್ಕೆ ಬಂದರೆ ಗೊಂದಲ ತಲೆಕೆಳಗಾಗಿ ನಿಲ್ಲುತ್ತದೆ. ನಾವಿಟ್ಟ ಠೇವಣಿ ನಮ್ಮ ಆಸ್ತಿ, ಬ್ಯಾಂಕಿಗೆ ಅದು ಹೊಣೆ. ಬ್ಯಾಂಕು ಕೊಟ್ಟ ಸಾಲ ಅದರ ಆಸ್ತಿ. 90 ದಿನ ದಾಟಿ ಸುಸ್ತಿಯಾದ ಸಾಲವನ್ನು ಫಲ ಕೊಡದ ಆಸ್ತಿಯೆಂದು ಕರೆಯುವುದು ಇದೇ ಕಾರಣಕ್ಕೆ. ಠೇವಣಿದಾರರು ಮಾತ್ರ ಕಟ್ಟಡದ ಗ್ರಾನೈಟನ್ನೂ, ಅಧ್ಯಕ್ಷರ ಭಾವಚಿತ್ರವನ್ನೂ ನೋಡಿ ಸಂಸ್ಥೆ ಗಟ್ಟಿಯಾಗಿದೆ ಎಂದುಕೊಳ್ಳುತ್ತಾರೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬರು ಹಿಂಪಡೆಯಬಹುದಾದ ಮೊತ್ತವನ್ನು 35,000 ರೂಪಾಯಿಗೆ ಮಿತಿಗೊಳಿಸಿದಾಗ, ನಿವೃತ್ತಿಯ ಇಡುಗಂಟನ್ನು ಅಲ್ಲಿಟ್ಟಿದ್ದ ಹಿರಿಯರು ಪಟ್ಟ ಪಾಡನ್ನು ತಮ್ಮ ಓದುಗರು ಮರೆತಿರಲಾರರು. ಠೇವಣಿ ವಿಮೆಯ ಮಿತಿಯನ್ನು 2020ರ ಫೆಬ್ರುವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಈ ಐದು ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರಿವೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಷ್ಟೇ. ಪತ್ತಿನ ಸಹಕಾರ ಸಂಘಗಳಿಗೆ ಮತ್ತು ಪತ್ತಿನ ಸೌಹಾರ್ದ ಸಹಕಾರಿಗಳಿಗೆ ಈ ವಿಮೆಯ ರಕ್ಷಣೆಯೇ ಇಲ್ಲ. ಹೆಚ್ಚು ಬಡ್ಡಿಯ ಆಸೆಗೆ ಅಂಥಲ್ಲಿ ಎಂಟು-ಹತ್ತು ಲಕ್ಷ ಇಟ್ಟವರು ಅದನ್ನು ಬ್ಯಾಂಕ್ ಠೇವಣಿಯ ಸಾಲಿನಲ್ಲೇ ಬರೆದುಕೊಳ್ಳುವುದನ್ನು ನಾನು ಈಗಲೂ ಕಾಣುತ್ತೇನೆ.

ಚೀಟಿಯ ಪಾಸ್‌ಪುಸ್ತಕ ಇನ್ನೂ ಸ್ವಾರಸ್ಯದ್ದು. 20 ಸದಸ್ಯರ, ತಿಂಗಳಿಗೆ 5,000 ರೂಪಾಯಿಯ, ಒಂದು ಲಕ್ಷದ ಚೀಟಿಯಲ್ಲಿ ನಾಲ್ಕು ಕಂತು ಕಟ್ಟಿದವರ ಪುಸ್ತಕ ಆಸ್ತಿ. ಐದನೆಯ ತಿಂಗಳು ಕೂಗಿ ಚೀಟಿ ಎತ್ತಿದ ಕೂಡಲೇ ಅದೇ ಪುಸ್ತಕ ಉಳಿದ 15 ಕಂತುಗಳ ಸಾಲಪತ್ರವಾಗುತ್ತದೆ, ತಿಂಗಳ ಲಾಭಾಂಶ ಕಳೆದು ಉಳಿದದ್ದನ್ನು ಕಟ್ಟಲೇಬೇಕು. ಪುಸ್ತಕದ ರಟ್ಟು ಬದಲಾಗುವುದಿಲ್ಲವಾದ್ದರಿಂದ ಎತ್ತಿದ ಹಣದಲ್ಲಿ ಟಿ.ವಿ. ಕೊಂಡವರು ಇನ್ನೂ ಚೀಟಿ ಉಳಿತಾಯವಿದೆ ಎಂದೇ ಹೇಳುತ್ತಿರುತ್ತಾರೆ.

ಕಣ್ಣಿಗೆ ಕಾಣದ ಆಸ್ತಿಗಳ ಬಗ್ಗೆ ನಮ್ಮ ರಾಜ್ಯದಲ್ಲೇ ಎರಡು ತುದಿಯ ಉದಾಹರಣೆಗಳಿವೆ. 1981ರಲ್ಲಿ 10,000 ರೂಪಾಯಿ ಬಂಡವಾಳದಿಂದ ಆರಂಭವಾದ ಇನ್ಫೋಸಿಸ್, ತನ್ನ ವಾರ್ಷಿಕ ವರದಿಗಳಲ್ಲಿ ಅನೇಕ ವರ್ಷ ಉದ್ಯೋಗಿಗಳ ಮತ್ತು ಬ್ರ್ಯಾಂಡಿನ ಮೌಲ್ಯವನ್ನು ಲೆಕ್ಕ ಹಾಕಿ ತೋರಿಸುತ್ತಿತ್ತು, ಆದರೆ ಹೆಚ್ಚುವರಿ ಮಾಹಿತಿಯಾಗಿ ಮಾತ್ರ. ಉದ್ಯೋಗಿ ನಾಳೆ ರಾಜೀನಾಮೆ ಕೊಟ್ಟು ಹೋಗಬಹುದಾದ್ದರಿಂದ ಅವರು ಕಂಪನಿಯ ಹಿಡಿತದ ಸ್ವತ್ತಲ್ಲ, ತಾನೇ ಬೆಳೆಸಿಕೊಂಡ ಹೆಸರಿಗೆ ತಾನೇ ಬೆಲೆ ಕಟ್ಟಿ ಅಢಾವೆ ಪತ್ರಿಕೆಯೊಳಗೆ ಸೇರಿಸಲು ಮಾನದಂಡ ಬಿಡುವುದಿಲ್ಲ. ಇನ್ನೊಂದು ತುದಿಯಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೆ. ಅದರ ಬ್ರ್ಯಾಂಡಿಗೆ ಒಂದು ಕಾಲದಲ್ಲಿ 4,000 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆ ಕಟ್ಟಲಾಗಿತ್ತು, ಬ್ಯಾಂಕುಗಳು ಅದನ್ನು ಸಾಲಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದವು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. 2016ರ ಏಪ್ರಿಲ್‌ನಲ್ಲಿ ಅದೇ ಟ್ರೇಡ್‌ಮಾರ್ಕುಗಳನ್ನು 366.70 ಕೋಟಿಯ ಮೂಲ ಬೆಲೆಗೆ ಹರಾಜಿಗಿಟ್ಟಾಗ ಕೂಗುವವರೇ ಬರಲಿಲ್ಲ. ಹಾರುವ ವಿಮಾನ, ಟಿಕೆಟ್ ಕೊಳ್ಳುವ ಪ್ರಯಾಣಿಕ, ಸಂಬಳ ಪಡೆಯುವ ಪೈಲಟ್ ಇವರೆಲ್ಲ ಇದ್ದಷ್ಟು ದಿನ ಮಾತ್ರ ಆ ಹೆಸರಿಗೆ ಅರ್ಥವಿತ್ತು ಎಂಬುದು ಬೆಲೆ ಕಟ್ಟಿದವರಿಗೆ ತಿಳಿಯದ ವಿಷಯವೇನಲ್ಲ, ಸಾಲ ಕೊಟ್ಟವರಿಗೂ ತಿಳಿಯಬೇಕಿತ್ತು. ಕಾಣುವ ಆಸ್ತಿಯಾದರೆ ಸುರಕ್ಷಿತ ಎನ್ನುವಂತೆಯೂ ಇಲ್ಲ. ನಗದು ಮತ್ತು ಬ್ಯಾಂಕ್ ಶಿಲ್ಕಿಗಿಂತ ಗಟ್ಟಿಯಾದ ಆಸ್ತಿ ಯಾವುದಿದೆ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಲೆಕ್ಕದಲ್ಲಿದ್ದ ಆ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರ ಅಧ್ಯಕ್ಷರೇ 2009ರ ಜನವರಿ 7ರಂದು ಪತ್ರ ಬರೆದು ಒಪ್ಪಿಕೊಂಡರು. ಅಂದು ನಮ್ಮ ಕಚೇರಿಯಲ್ಲಿ ಬ್ಯಾಂಕುಗಳಿಂದ ನೇರವಾಗಿ ಶಿಲ್ಕು ದೃಢೀಕರಣ ತರಿಸುವ ಬಗ್ಗೆ ನಡೆದ ಚರ್ಚೆ ನನಗೆ ಇನ್ನೂ ನೆನಪಿದೆ.

ಹೂಡಿಕೆಯೆಂಬ ಹೆಸರಿನಲ್ಲಿ ಇಂದಿನ ಯುವಕರು ಮೊಬೈಲಿನಲ್ಲಿ ಮಾಡುತ್ತಿರುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಷೇರುಗಳ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳ) ವಹಿವಾಟನ್ನೂ ಇಲ್ಲಿ ಹೇಳಬೇಕು. ಕಂಪನಿಯೊಂದರ ಷೇರು ಕೊಂಡವರಿಗೆ ಅದರ ವ್ಯವಹಾರದಲ್ಲಿ ಒಂದು ಪಾಲು ದೊರೆಯುತ್ತದೆ; ಬೆಲೆ ಇಳಿಯಬಹುದು, ಪಾಲು ಉಳಿಯುತ್ತದೆ. ಆಪ್ಷನ್ ಕೊಂಡವರ ಕೈಯಲ್ಲಿರುವುದು ಅವಧಿ ಮುಗಿದ ದಿನ ಸೊನ್ನೆಯಾಗಬಹುದಾದ ಹಕ್ಕು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟು ನಡೆಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಎರಡೂ ವಹಿವಾಟು ಒಂದೇ ಆ್ಯಪ್‌ನಲ್ಲಿ, ಒಂದೇ ಬಣ್ಣದ ಗುಂಡಿ ಒತ್ತಿ ನಡೆಯುವುದರಿಂದ ಎರಡನ್ನೂ ಷೇರು ಎಂದೇ ಕರೆಯುವ ರೂಢಿ ಮನೆಗಳಲ್ಲಿ ಬೆಳೆದಿದೆ.

ಇಷ್ಟನ್ನು ಬರೆದದ್ದು ತಮ್ಮಲ್ಲಿ ಒಂದು ಕೋರಿಕೆ ಮುಂದಿಡುವ ಸಲುವಾಗಿ. ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿಗಳ ವಿವರ ಪ್ರಕಟಿಸುವಾಗ ದಯವಿಟ್ಟು ಮೂರು ಅಂಕಣಗಳನ್ನು ಹಾಕಿ. ಮೊದಲನೆಯದರಲ್ಲಿ ನಗದು, ಠೇವಣಿ, ಷೇರುಗಳಂಥ ಬೇಗ ಹಣವಾಗುವ ಆಸ್ತಿ, ಎರಡನೆಯದರಲ್ಲಿ ಭೂಮಿ ಮತ್ತು ಕಟ್ಟಡಗಳ ಖರೀದಿ ಬೆಲೆ ಹಾಗೂ ಘೋಷಿತ ಮಾರುಕಟ್ಟೆ ಬೆಲೆ, ಮೂರನೆಯದರಲ್ಲಿ ಸಾಲ ಮತ್ತು ಬಾಕಿ. ಬೇಕಾದ ಅಂಕಿಗಳೆಲ್ಲ ಪ್ರಮಾಣಪತ್ರದಲ್ಲೇ ಇರುವುದರಿಂದ ವರದಿಗಾರರಿಗೆ ಹೆಚ್ಚಿನ ಶ್ರಮವಾಗದು. ಪತ್ನಿ ಅಥವಾ ಪತಿ, ಅವಲಂಬಿತರು, ಅವಿಭಕ್ತ ಕುಟುಂಬದ ಹೆಸರಿನಲ್ಲಿರುವುದನ್ನು ಅಭ್ಯರ್ಥಿಯ ಮೊತ್ತಕ್ಕೆ ಕೂಡಿಸದೆ ಬೇರೆಯಾಗಿ ತೋರಿಸಿದರೆ ಇನ್ನೂ ಒಳ್ಳೆಯದು. ಕಳೆದ ಬಾರಿಗಿಂತ ಆಸ್ತಿ ಎರಡು ಪಟ್ಟಾಯಿತು ಎಂದು ಬರೆಯುವಾಗ, ಹೆಚ್ಚಿದ್ದು ಹೊಸ ಖರೀದಿಯಿಂದಲೋ, ಹಳೆಯ ಜಮೀನಿನ ಘೋಷಿತ ಬೆಲೆ ಏರಿದ್ದರಿಂದಲೋ ಎಂಬುದನ್ನು ಒಂದು ಸಾಲಿನಲ್ಲಾದರೂ ತಿಳಿಸಿ; ಎರಡಕ್ಕೂ ಒಂದೇ ಬಗೆಯ ಅನುಮಾನ ಸಲ್ಲದು.

ಓದುಗರಲ್ಲಿ ಯಾರಾದರೂ ತಮ್ಮ ಮನೆಯ ಪಟ್ಟಿಯನ್ನು ಇದೇ ಮೂರು ಅಂಕಣಗಳಲ್ಲಿ ಬರೆಯಲು ಕುಳಿತರೆ ನಾಲ್ಕನೆಯದೊಂದು ಬೇಕಾಗುತ್ತದೆ: ಕಾಗದ ಎಲ್ಲಿದೆ, ನಾಮನಿರ್ದೇಶನ ಯಾರ ಹೆಸರಿಗಿದೆ ಎಂಬುದು. ಹತ್ತು ವರ್ಷ ಯಾರೂ ಕೇಳದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ. ಅಂಥವನ್ನು ಹುಡುಕಲು 2023ರಿಂದ ಉದ್ಗಮ್ ಎಂಬ ಜಾಲತಾಣವಿದೆ, ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಲು ಅವಕಾಶ ದೊರೆತಿದೆ. ನನ್ನ ಪತ್ನಿ ಈಗ ಆರೋಗ್ಯವಾಗಿದ್ದಾರೆ, ನಮ್ಮ ಮನೆಯ ಪಟ್ಟಿಯನ್ನು ಬರೆಯುವವರು ಅವರೇ. ಅದರಲ್ಲಿ ಬಳೆಗಳ ಮುಂದೆ ನಿವ್ವಳ ತೂಕವಿದೆ. ಸೈಟಿನ ಮುಂದೆ, ನಾವು ಲೆಕ್ಕ ಬರೆಯುವವರು ಸವೆದುಹೋದ ಯಂತ್ರದ ಮುಂದೆ ಬರೆಯುವ ಹಾಗೆ, ‘ರೂ. 1’ ಎಂದಿದೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಿಗ, ದಾವಣಗೆರೆ